ಹಾಸನದಿಂದ ಮೈಸೂರು ರೇಸ್‌ಗೆ: ಏನು ಹಾಕ್ಕೊಂಡು ಹೋಗೋದು?

ಹೇಮಾವತಿ_ದಂಡೆ
ಅಕ್ಟೋಬರ್‌ನಲ್ಲಿ ಮೈಸೂರು ರೇಸ್‌ಕೋರ್ಸಿಗೆ ಹೋಗ್ತಿದ್ದೀವಿ, ಮೆಂಬರ್ಸ್ ಸ್ಟ್ಯಾಂಡಿನ ಪಾಸ್ ಇದೆ. ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಕಾರಲ್ಲಿ ಪ್ರಯಾಣ. ಯಜಮಾನರಿಗೆ ಲಿನನ್ ಸೂಟ್ ಹೊಲಿಸೋ ಆಸೆ. ನನಗೆ ಮೈಸೂರು ಸಿಲ್ಕ್ ಸೀರೆ, ಮೂರು ಇಂಚಿನ ಪೆನ್ಸಿಲ್ ಹೀಲ್ಸ್ ಅಂದ್ಕೊಂಡಿದ್ದೀನಿ. ಹ್ಯಾಟ್ ಬೇಕೇಬೇಕಾ? ಸ್ಟೈಲಾಗಿರಬೇಕು, ಆದ್ರೆ ಮದುವೆ ಮನೆಗೆ ಹೊರಟ ಹಾಗೆ ಕಾಣಬಾರದು.

ಪ್ಯಾಡಕ್_ಬೇಲಿ
ಮೇಡಂ, ಮೊದಲು ಚಪ್ಪಲಿ ಆರಿಸಿ, ಸೀರೆ ಆಮೇಲೆ. ಎರಡು ರೇಸ್ ನಡುವೆ ಸುಮಾರು ಅರ್ಧ ಗಂಟೆ ಸಿಗುತ್ತೆ. ಅಷ್ಟರಲ್ಲಿ ಜನ ಕುದುರೆ ನೋಡೋಕೆ ಪ್ಯಾಡಕ್ಕಿಗೆ (ರೇಸಿಗೆ ಮುಂಚೆ ಕುದುರೆಗಳನ್ನ ನಡೆಸಿ ತೋರಿಸೋ ಜಾಗ) ಹೋಗ್ತಾರೆ, ರೇಸ್ ಹೊತ್ತಿಗೆ ಬೇಲಿ ಹತ್ರ ಬರ್ತಾರೆ. ಮಧ್ಯಾಹ್ನ ಪೂರ್ತಿ ಇದೇ ಓಡಾಟ. ಪೆನ್ಸಿಲ್ ಹೀಲಿನ ತುದಿ ಬೆರಳುಗುರಿನಷ್ಟು. ಮೈಭಾರವೆಲ್ಲ ಅದರ ಮೇಲೆ ಬಿದ್ರೆ ನೆನೆದ ಹುಲ್ಲಿಗೆ ಮೊಳೆ ಹೊಡೆದ ಹಾಗೆ ಇಳಿಯುತ್ತೆ. ಎಳೆದಾಗ ಹೀಲ್ ಕಿತ್ತು ಬರೋದೂ ಉಂಟು. ಎರಡು ಇಂಚು ಎತ್ತರದ ಬ್ಲಾಕ್ ಹೀಲ್ ತಗೊಳ್ಳಿ, ಬುಡ ಒಂದೂಕಾಲು ಇಂಚಿಗೆ ಕಮ್ಮಿ ಇರಬಾರದು. ವೆಜ್ ಹೀಲ್ (ಹಿಮ್ಮಡಿಯಿಂದ ಮುಂದಕ್ಕೆ ಅಡಿ ಪೂರ್ತಿ ಗಟ್ಟಿಯಾಗಿರೋದು) ಆದ್ರೂ ಸರಿ, ಸೆಣಬಿನ ಹುರಿ ಸುತ್ತಿದ್ದು ಮಾತ್ರ ಬೇಡ, ನೀರು ಕುಡಿದು ಊದ್ಕೊಳ್ಳುತ್ತೆ.

ಮೆಂಬರ್ಸ್ ಕಡೆ ಗಂಡಸರು ಕಾಲರ್ ಶರ್ಟು, ಉದ್ದ ಪ್ಯಾಂಟು, ಮುಚ್ಚಿದ ಶೂ ಹಾಕಿದ್ರೆ ನಿಶ್ಚಿಂತೆ. ಚಡ್ಡಿ, ಚಪ್ಪಲಿ ಬೇಡ. ಕೋಟು ಕಡ್ಡಾಯವಾ ಅಂತ ಪಾಸ್ ಕೊಟ್ಟವರನ್ನೇ ಕೇಳಿಬಿಡಿ.

ಸೂಜಿದಾರ_ಹಾಸನ
ಪೂರ್ತಿ ಲಿನನ್ ಸೂಟಿಗೆ ನನ್ನ ಮತ ಇಲ್ಲ. 120 ಕಿ.ಮೀ. ಕೂತು ಬಂದ ಪ್ಯಾಂಟು ಮಂಡಿ ಹಿಂದೆ, ತೊಡೆ ಸಂದಿಯಲ್ಲಿ ಮುದುಡಿರುತ್ತೆ, ಆ ಗೆರೆ ಸಂಜೆವರೆಗೂ ಹೋಗಲ್ಲ. ಸೂಟು ಅಂದ್ರೆ ಒಂದೇ ಬಟ್ಟೆ, ಹಾಗಾಗಿ ಪ್ಯಾಂಟಿನ ಸುಕ್ಕು ಕೋಟಿನ ಪಕ್ಕದಲ್ಲಿ ಎದ್ದು ಕಾಣುತ್ತೆ. ಬಿಡಿಬಿಡಿಯಾಗಿ ಹೊಲಿಸಿ: ಕೋಟು ಲಿನನ್-ಕಾಟನ್ ಮಿಶ್ರದ್ದು, ಪ್ಯಾಂಟು ತೆಳು ಟೆರಿವೂಲ್ (ಪಾಲಿಯೆಸ್ಟರ್-ಉಣ್ಣೆ ಮಿಶ್ರ). 58 ಇಂಚು ಪನ್ನದಲ್ಲಿ ಕೋಟಿಗೆ 2 ಮೀಟರ್, ಪ್ಯಾಂಟಿಗೆ 1.25 ಮೀಟರ್ ಸಾಕು. ದಪ್ಪ ಆಳಾದ್ರೆ ಟೈಲರ್ ಹತ್ರ ಕೇಳಿ ಕಾಲು ಮೀಟರ್ ಜಾಸ್ತಿ ತಗೊಳ್ಳಿ.

ಕೋಟಿಗೆ ಬೆನ್ನಿನ ಮೇಲ್ಭಾಗಕ್ಕೂ ತೋಳಿಗೂ ಮಾತ್ರ ಲೈನಿಂಗ್ ಕೊಡಿಸಿ. ಪೂರ್ತಿ ಪಾಲಿಯೆಸ್ಟರ್ ಲೈನಿಂಗ್ ಕೊಟ್ರೆ ಒಳಗೆ ಹಬೆಯಲ್ಲಿ ಬೆಂದ ಹಾಗೆ. ಶರ್ಟಿಗೆ ಲಿನನ್ ಆದ್ರೆ ಕತ್ತರಿಸೋ ಮುಂಚೆ ತಣ್ಣೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ, ಇಲ್ಲಾಂದ್ರೆ ಮೊದಲ ಒಗೆತಕ್ಕೇ ತೋಳು ಮೇಲೇರುತ್ತೆ. ಕೋಟಿನ ಬಟ್ಟೆಗೆ ಸ್ಟೀಮ್ ಇಸ್ತ್ರಿ ಸಾಕು. ಪ್ಯಾಂಟಿನ ಅಂಚು ಶೂ ಮೇಲೆ ಬರೀ ತಾಗಬೇಕು, ಮಡಿಕೆ ಬಿದ್ದು ಕೂತರೆ ಕೆಸರು ಹೀರುತ್ತೆ. ಕಾರಲ್ಲಿ ಕೋಟು ಹಾಕ್ಕೊಂಡು ಕೂರಬೇಡಿ, ಅಗಲ ಭುಜದ ಹ್ಯಾಂಗರಿಗೆ ಹಾಕಿ ಹಿಂದೆ ನೇತುಹಾಕಿ.

ಕಾಫಿಸೀಮೆ_ಅಕ್ಕ
ಅಣ್ಣ ಹೇಳಿದ್ದು ಸರಿ, ಆದ್ರೆ ಚಿಕ್ಕಮಗಳೂರು ಕಡೆ ಕ್ಲಬ್ ಊಟಕ್ಕೆ ಹಾಕೋ ನೇವಿ ಬ್ಲೇಜರ್ ಮನೇಲಿದ್ರೆ ಹೊಸದು ಹೊಲಿಸೋ ಖರ್ಚೇ ಬೇಡ. ಬೂದು ಪ್ಯಾಂಟು, ಕಂದು ಶೂ, ಮುಗೀತು.

ಸೀರೆ ವಿಷಯ. ಮೈಸೂರು ಸಿಲ್ಕ್ ಕ್ರೇಪ್, ನೂಲಿಗೆ ಜೋರು ಹುರಿ ಕೊಟ್ಟು ನೇಯ್ದಿದ್ದು. ಹನಿ ಬಿದ್ದ ಜಾಗ ಮುದುರಿ ಕಲೆ ಉಳಿಯುತ್ತೆ. ಅಕ್ಟೋಬರ್‌ನಲ್ಲಿ ಮೈಸೂರಿನ ಮಳೆ ನಮ್ಮ ಮಲೆನಾಡಿನ ಜಿಟಿಜಿಟಿ ಅಲ್ಲ. ಮಧ್ಯಾಹ್ನ ಸುಡುಬಿಸಿಲು, ಸಂಜೆ ಗುಡುಗಿ ಒಂದೇ ಸಲ ಸುರಿಯೋದೇ ಹೆಚ್ಚು. ಗಂಜಿ ಹಾಕಿದ ಕಾಟನ್ನೂ ಬೇಡ, ನೆನೆದ್ರೆ ಕಾಲಿಗೆ ಅಂಟುತ್ತೆ. ಕಾಟನ್-ಸಿಲ್ಕ್, ಎರಡು ಇಂಚಿಗಿಂತ ಸಣ್ಣ ಅಂಚು, ಒಂದೇ ಬಣ್ಣದ ಒಡಲು ಇರಲಿ. ಮದುವೆ ಕಳೆ ತರೋದೇ ದೊಡ್ಡ ಜರಿ ಅಂಚು, ಬುಟ್ಟ, ಹೂವು, ಉದ್ದ ಸರ. ಕಿವಿಗೆ ಒಂದು ಚೆಂದದ ಓಲೆ ಸಾಕು.

ಅವತ್ತು ಹಾಕೋ ಚಪ್ಪಲಿ ಮೆಟ್ಟಿಕೊಂಡೇ ಸೀರೆ ಉಡಿ, ನೆಲದಿಂದ ಒಂದು ಬೆರಳು ಮೇಲಿರಲಿ. ಬರಿಗಾಲಲ್ಲಿ ಉಟ್ಟು ಆಮೇಲೆ ಹೀಲ್ಸ್ ಹಾಕಿದ್ರೆ ಕಣಕಾಲು ಕಾಣುತ್ತೆ. ಸೆರಗಿನ ನೆರಿಗೆ ಪೂರ್ತಿ ಪಿನ್ ಮಾಡಿ, ಬೇಲಿ ಹತ್ರ ಗಾಳಿ ಬೀಸುತ್ತೆ.

ಹೇಮಾವತಿ_ದಂಡೆ
ಹ್ಯಾಟ್ ಬಗ್ಗೆ ಯಾರೂ ಹೇಳಲಿಲ್ಲ. ಇಂಗ್ಲೆಂಡಿನ ಫೋಟೋಗಳಲ್ಲಿ ಎಲ್ಲರ ತಲೆ ಮೇಲೂ ಇರುತ್ತಲ್ಲ?

ಪ್ಯಾಡಕ್_ಬೇಲಿ
ಅದು ರಾಯಲ್ ಆಸ್ಕಟ್, ಇಂಗ್ಲೆಂಡಿನ ಹೆಸರಾಂತ ಕುದುರೆ ರೇಸು. ಅಲ್ಲಿ ರಾಯಲ್ ಎನ್‌ಕ್ಲೋಷರ್ ಅನ್ನೋ ವಿಶೇಷ ಆವರಣದ ಒಳಗೆ ಗಂಡಸರಿಗೆ ಮಾರ್ನಿಂಗ್ ಕೋಟು (ಹಿಂದೆ ಉದ್ದ ಇಳಿಬಿದ್ದ ಕೋಟು), ಟಾಪ್ ಹ್ಯಾಟು. ಹೆಂಗಸರು ಹ್ಯಾಟ್ ಹಾಕಬೇಕು, ಇಲ್ಲಾಂದ್ರೆ ಬುಡ ನಾಲ್ಕು ಇಂಚಾದ್ರೂ ಇರೋ ತಲೆಯುಡುಗೆ. ಕೂದಲಿಗೆ ಸಿಕ್ಕಿಸೋ ಪುಟ್ಟ ಅಲಂಕಾರ, ಅಂದ್ರೆ ಫ್ಯಾಸಿನೇಟರನ್ನ, 2012ರಿಂದ ಅಲ್ಲಿ ಬಿಡೋದಿಲ್ಲ. ನಮ್ಮಲ್ಲಿ ಆ ಕಟ್ಟುಪಾಡಿಲ್ಲ, ಸೀರೆ ಮೇಲೆ ಹ್ಯಾಟು ಹೊಂದೋದೂ ಇಲ್ಲ ಅನ್ನೋದು ನನ್ನ ಲೆಕ್ಕ. ಯಜಮಾನರಿಗೆ ಬಿಸಿಲಿಗೆ ಬೇಕಿದ್ರೆ ಹುಲ್ಲಿನ ಹ್ಯಾಟ್ ತಗೊಳ್ಳಿ, ಅಂಚು ಎರಡೂವರೆ ಇಂಚು ಮೀರದಿರಲಿ, ಹಿಂದಿನವರಿಗೆ ಕುದುರೆ ಕಾಣಬೇಕಲ್ಲ. ಅಳತೆಗೆ ಕಿವಿಯಿಂದ ಒಂದು ಬೆರಳು ಮೇಲೆ, ಹಣೆ ಮಧ್ಯೆ ಬರೋ ಹಾಗೆ ಟೇಪ್ ಸುತ್ತಿ. ಸಡಿಲ ಆದ್ರೆ ಒಳಪಟ್ಟಿ ಹಿಂದೆ ಫೋಮ್ ಪಟ್ಟಿ ಅಂಟಿಸಬಹುದು, ಬಿಗಿ ಆದ್ರೆ ಸರಿ ಮಾಡೋದು ಕಷ್ಟ.

ಮಳೆಗೆ ಮಡಿಚೋ ಕೊಡೆ ವ್ಯಾನಿಟಿ ಬ್ಯಾಗಲ್ಲಿರಲಿ. ರೇಸ್ ಓಡುವಾಗ ಬೇಲಿ ಪಕ್ಕ ಮಾತ್ರ ಬಿಚ್ಚಬೇಡಿ, ಕುದುರೆ ಬೆದರುತ್ತೆ.