ಸಹಾಯ ಬೇಕು: ಓಪನ್ ಲೈಸೆನ್ಸ್ ಕಂಟೆಂಟಲ್ಲಿ ಕದ್ದ ಮಾಲಿದ್ರೆ ಹೊಣೆ ಯಾರ್ದು?

ಹವ್ಯಾಸಕ್ಕೆ ಅಂತ ಟೇಬಲ್‌ಟಾಪ್ ಗೇಮಿಗೆ ರಾಕ್ಷಸರ ಪಿಡಿಎಫ್ ಮಾಡಿ ಓಜಿಎಲ್ 1.0ಎ (ಓಪನ್ ಗೇಮ್ ಲೈಸೆನ್ಸ್, ಗೇಮ್ ಕಂಟೆಂಟನ್ನ ಬೇರೆಯವರೂ ಬಳಸೋಕೆ ಬಿಡೋ ಲೈಸೆನ್ಸ್) ಕೆಳಗೆ ಫ್ರೀಯಾಗಿ ಬಿಟ್ಟಿದ್ದೆ, ಅರ್ಧ ನಂದು, ಇನ್ನರ್ಧ ಬೇರೊಬ್ರು ಓಪನ್ ಅಂತ ಹಾಕಿದ್ದು, ಆ ಲೈಸೆನ್ಸಿನ ಸೆಕ್ಷನ್ 15ರಲ್ಲಿ ಅವರ ಕಾಪಿರೈಟ್ ಸಾಲೂ ಇದೆ. ಈಗ ಒಬ್ರು ಪಬ್ಲಿಷರ್ ಅದನ್ನ ಪುಸ್ತಕಕ್ಕೆ ಹಾಕ್ಕೊಂಡು ಮಾರ್ತಿದ್ದಾರೆ, ನೋಡಿದ್ರೆ ಆ ಇನ್ನೊಬ್ಬರ ಭಾಗದಲ್ಲಿ ಒಂದು ರಾಕ್ಷಸನ ವರ್ಣನೆ ಇನ್ಯಾವ್ದೋ ಪುಸ್ತಕದಿಂದ ಅಲ್ಪವಿರಾಮ ಸಮೇತ ಎತ್ತಿದ್ದು! ನಷ್ಟ ನೀವೇ ಕಟ್ಕೊಡಿ ಅಂತಿದ್ದಾರೆ ಪಬ್ಲಿಷರ್ (ಲಾಭ ಬಂದಾಗ ಸುದ್ದಿನೇ ಇರ್ಲಿಲ್ಲ). ಆ ಭಾಗನ ಓಪನ್ ಅಂತ ಹಾಕಿದವರಿಗೆ ಮೆಸೇಜ್ ಹಾಕ್ದೆ, ಉತ್ತರ ಇಲ್ಲ. ಸೆಕ್ಷನ್ 13ರಲ್ಲಿ ಸರಿ ಮಾಡೋಕೆ 30 ದಿನ ಅಂತಿದೆ, ಹಾಗಾಗಿ ಪಿಡಿಎಫ್ ತೆಗೆದೆ. ಸೆಕ್ಷನ್ 5ರಲ್ಲಿ ಕೊಡೋ ಒರಿಜಿನಲ್ ಕಂಟೆಂಟಿನ ಹಕ್ಕು ನಂಗಿದೆ ಅಂತ ಭರವಸೆ ಕೊಟ್ಟಂಗೆ ಆಗುತ್ತಲ್ಲ, ಆ ಭರವಸೆ ನಾನು ಬರೆದಿದ್ದಕ್ಕೆ ಮಾತ್ರನಾ, ಇಲ್ಲಾ ಬೇರೆಯವರಿಂದ ತಗೊಂಡು ಸೇರಿಸಿದ್ದಕ್ಕೂ ಅನ್ವಯ ಆಗುತ್ತಾ?