ಸಂಶೋಧನಾ ಲೇಖನದ ‘ಇಂಪ್ಯಾಕ್ಟ್’ಗೆ ‘ಪ್ರಭಾವ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ನಿಮ್ಹಾನ್ಸ್‌ನ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಅವರ ಡಿಮೆನ್ಷಿಯಾ (ನೆನಪು, ಯೋಚನೆ ಕುಂದುತ್ತಾ ಹೋಗುವ ಕಾಯಿಲೆ) ಸಂಶೋಧನೆಯ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಬರೆಯುತ್ತಿದ್ದೇನೆ. ಕಾಯಿಲೆಯ ಭಾಗ ಹೇಗೋ ಸಾಗಿತು, ಗಾಡಿ ನಿಂತಿದ್ದು ‘ಇಂಪ್ಯಾಕ್ಟ್’ ಅನ್ನುವ ಪದದ ಹತ್ತಿರ. ಒಬ್ಬರ ಲೇಖನವನ್ನು ಬೇರೆಯವರು ಎಷ್ಟು ಸಲ ಹೆಸರಿಸಿದ್ದಾರೆ, ಅದರಿಂದ ಆ ಕ್ಷೇತ್ರದಲ್ಲಿ ಏನು ಬದಲಾಯಿತು, ಎರಡಕ್ಕೂ ಇಂಗ್ಲಿಷಿನವರು ಇದೊಂದನ್ನೇ ಬಳಸುತ್ತಾರೆ. ನಾವು ಏನನ್ನೋಣ?

‘ಪ್ರಭಾವ’ ಅಂತ ಹಾಕಿಬಿಡಬಹುದು. ಆದರೆ ನಮ್ಮಲ್ಲಿ ‘ಪ್ರಭಾವಿ’ ಅಂದ ಕೂಡಲೇ ನೆನಪಾಗುವುದು ಶಿಫಾರಸು, ವರ್ಗಾವಣೆ, ಮಂತ್ರಿಗಳ ಕಡೆಯವರು. ‘ಪರಿಣಾಮ’ ಇನ್ನೂ ಕಷ್ಟ. ‘ಡಿಮೆನ್ಷಿಯಾ ಮೇಲೆ ಇವರ ಲೇಖನಗಳ ಪರಿಣಾಮ’ ಅಂತ ಬರೆದರೆ, ಲೇಖನದಿಂದ ರೋಗಿಗಳಿಗೆ ಗುಣವಾಯಿತೇನೋ ಅನ್ನಿಸುತ್ತದೆ.

‘ಉಲ್ಲೇಖ’ ನನಗೆ ಹಿಡಿಸಿದ ಪದ. ಸರ್ಕಾರಿ ಪತ್ರ ನೋಡಿದವರಿಗೆಲ್ಲ ಗೊತ್ತು: ಮೇಲೆ ‘ವಿಷಯ’, ಅದರ ಕೆಳಗೆ ‘ಉಲ್ಲೇಖ’, ಅಲ್ಲಿ ಹಿಂದಿನ ಪತ್ರದ ಸಂಖ್ಯೆ, ದಿನಾಂಕ. ಆ ಹಳೇ ಪತ್ರ ಸರಿಯೋ ತಪ್ಪೋ ಅಂತ ಆ ಸಾಲು ಹೇಳುವುದಿಲ್ಲ. ಸಂಶೋಧನಾ ಲೇಖನಗಳ ಉಲ್ಲೇಖವೂ ಹಾಗೇ, ಅಲ್ವಾ?

ಡಿಮೆನ್ಷಿಯಾ ಕ್ಷೇತ್ರದಲ್ಲೇ ಇದು ಚೆನ್ನಾಗಿ ಕಾಣುತ್ತದೆ. 1975ರಲ್ಲಿ ಫೋಲ್‌ಸ್ಟೀನ್ ಮತ್ತು ಸಂಗಡಿಗರು 30 ಅಂಕದ ಒಂದು ಚಿಕ್ಕ ಪರೀಕ್ಷೆಯನ್ನು ಪ್ರಕಟಿಸಿದರು. ಇವತ್ತು ಯಾವ ತಾರೀಕು, ಈಗ ಎಲ್ಲಿದ್ದೀರಿ, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ, ಆಗ ಹೇಳಿದ ಮೂರು ಪದ ಯಾವುವು, ಹೀಗೆ. ಆ ಪರೀಕ್ಷೆ ಬಳಸಿದವರೆಲ್ಲ ಆ ಲೇಖನವನ್ನು ಹೆಸರಿಸಲೇಬೇಕು. ಹಾಗಾಗಿ ಉಲ್ಲೇಖ ರಾಶಿ ಬಿದ್ದಿದೆ. ಅದು ಉಪಕರಣಕ್ಕೆ ಸಿಕ್ಕ ಬಳಕೆ.

ಇನ್ನೊಂದು ಕಡೆ, ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡ ಡಿಮೆನ್ಷಿಯಾಗೆ ಮುಖ್ಯ ಕಾರಣವಾದ ಆಲ್ಝೈಮರ್ ಕಾಯಿಲೆಯ ಬಗ್ಗೆ 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನಕ್ಕೆ ಎರಡು ಸಾವಿರಕ್ಕೂ ಜಾಸ್ತಿ ಉಲ್ಲೇಖ ಸಿಕ್ಕಿತ್ತು. ಅದರ ಚಿತ್ರಗಳನ್ನು ತಿದ್ದಲಾಗಿತ್ತು ಅಂತ ಗೊತ್ತಾಗಿ, 2024ರಲ್ಲಿ ಲೇಖನವನ್ನೇ ಹಿಂದಕ್ಕೆ ಪಡೆದರು. ಇದೂ ‘ಇಂಪ್ಯಾಕ್ಟ್’ ಅಂತೆ!

ಅಲ್ಲಾಡಿ ಅವರದು ಮೂರನೇ ಥರ. ಅವರು ಹೈದರಾಬಾದಿನ ನಿಜಾಮ್ಸ್ ಆಸ್ಪತ್ರೆಯಲ್ಲಿದ್ದಾಗ 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿದರು. ಅವರಲ್ಲಿ 391 ಜನ ಒಂದಕ್ಕಿಂತ ಹೆಚ್ಚು ಭಾಷೆ ಆಡುವವರು. ಒಂದೇ ಭಾಷೆಯವರಿಗಿಂತ ಇವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. 2007ರಲ್ಲಿ ಟೊರಾಂಟೊದ ಮನೋವಿಜ್ಞಾನಿ ಬಿಯಾಲಿಸ್ಟಾಕ್ ಅವರ ತಂಡವೂ ಸುಮಾರು ನಾಲ್ಕು ವರ್ಷ ಅಂದಿತ್ತು, ಆದರೆ ಅಲ್ಲಿ ಎರಡು ಭಾಷೆಯವರಲ್ಲಿ ಬಹಳಷ್ಟು ಮಂದಿ ವಲಸಿಗರು, ಹಾಗಾಗಿ ವ್ಯತ್ಯಾಸ ಭಾಷೆಯದೋ ವಲಸೆಯದೋ ಅನ್ನುವ ತಕರಾರಿತ್ತು. ಹೈದರಾಬಾದಿನಲ್ಲಿ ಆ ತಕರಾರು ಇರಲಿಲ್ಲ. ಅಕ್ಷರ ಕಲಿಯದವರಲ್ಲೂ ಈ ವ್ಯತ್ಯಾಸ ಕಂಡಿತು. ಎರಡಕ್ಕಿಂತ ಜಾಸ್ತಿ ಭಾಷೆ ಬಂದರೆ ಇನ್ನಷ್ಟು ಲಾಭ ಅಂತೇನೂ ಕಾಣಲಿಲ್ಲ, ನಾಲ್ಕು ಭಾಷೆ ಗೊತ್ತೆಂದು ಬೀಗುವ ನಮ್ಮಂಥವರಿಗೆ ಇದು ಸ್ವಲ್ಪ ನಿರಾಸೆಯೇ. 2013ರಲ್ಲಿ ‘ನ್ಯೂರಾಲಜಿ’ಯಲ್ಲಿ ಬಂದ ಈ ಲೇಖನವನ್ನು ಒಪ್ಪುವವರೂ ಉಲ್ಲೇಖಿಸುತ್ತಾರೆ, ಒಪ್ಪದವರೂ ಉಲ್ಲೇಖಿಸುತ್ತಾರೆ.

ಆದ್ದರಿಂದ ಎಣಿಕೆಗೆ ‘ಉಲ್ಲೇಖ ಸಂಖ್ಯೆ’ ಅಂತಲೂ, ನಿಜವಾಗಿ ಬದಲಾದದ್ದನ್ನು ‘ಇದರಿಂದ ಇಂಥದ್ದಾಯಿತು’ ಅಂತ ವಾಕ್ಯದಲ್ಲೂ ಬರೆಯೋಣ ಅಂದುಕೊಂಡಿದ್ದೇನೆ. ಎರಡನ್ನೂ ಒಂದೇ ಪದಕ್ಕೆ ತುರುಕುವುದು ಬೇಡ. ಭೌತವಿಜ್ಞಾನಿ ಹಿರ್ಶ್ 2005ರಲ್ಲಿ ಹೇಳಿದ, ಒಬ್ಬ ಸಂಶೋಧಕರ ಲೇಖನಗಳನ್ನು ಉಲ್ಲೇಖದಿಂದ ಅಳೆಯುವ ಎಚ್-ಇಂಡೆಕ್ಸ್ ಮಾತ್ರ ‘ಎಚ್-ಅಂಕ’ ಆದರೆ ಸಾಕು: ಕನಿಷ್ಠ 20 ಉಲ್ಲೇಖ ಪಡೆದ ಲೇಖನಗಳು 20 ಇದ್ದರೆ, ಅಂಕ 20. ಎಣಿಕೆ ಅಷ್ಟೇ, ಗುಣದ ಮಾತಿಲ್ಲ.

ಕಾಯಿಲೆಗೆ ‘ಡಿಮೆನ್ಷಿಯಾ’ ಅಂತಲೇ ಇಟ್ಟಿದ್ದೇನೆ. ಕೆಲವರು ‘ಬುದ್ಧಿಮಾಂದ್ಯ’ ಅನ್ನುತ್ತಾರೆ, ಅದು ಬೇರೆಯೇ ಸ್ಥಿತಿ, ದಯವಿಟ್ಟು ಬೇಡ. ‘ಅರಳುಮರಳು’ ಚೆಂದದ ಮಾತು, ಆದರೆ ಅರವತ್ತಾದವರಿಗೆಲ್ಲ ಬರುವಂಥದ್ದು ಅನ್ನಿಸಿ ಕಾಯಿಲೆಯನ್ನೇ ಮರೆಮಾಡುತ್ತದೆ. ವಯಸ್ಸಿನ ಜೊತೆ ಸಹಜವಾಗಿ ಆಗುವ ಬದಲಾವಣೆಗೆ ‘ವಯೋಸಹಜ ಮರೆವು’ ಅಂದರೂ ಸಾಲದು. ಅಲ್ಲಿ ಯೋಚನೆಯ ವೇಗವೂ ತಗ್ಗುತ್ತದೆ, ಪದಸಂಪತ್ತು ಮಾತ್ರ ಬಹುಕಾಲ ಹಾಗೇ ಉಳಿಯುತ್ತದೆ. ‘ಅರಿವಿನ ಮುಪ್ಪು’ ಆಗಬಹುದೇ?

ಇನ್ನೊಂದು ಕೇಳಬೇಕಿತ್ತು. ಓದು, ಭಾಷೆ, ಕೆಲಸಗಳಿಂದ ಮಿದುಳಿಗೆ ಬರುವ ತಾಳಿಕೆ ಕಾಯಿಲೆಯ ಲಕ್ಷಣಗಳನ್ನು ತಡ ಮಾಡುತ್ತದೆ ಅನ್ನುವ ವಿಚಾರಕ್ಕೆ ನರಮನೋವಿಜ್ಞಾನಿ ಯಾಕೋವ್ ಸ್ಟರ್ನ್ ಮೊದಲಾದವರು ‘ಕಾಗ್ನಿಟಿವ್ ರಿಸರ್ವ್’ ಅನ್ನುತ್ತಾರೆ. ಅದಕ್ಕೆ ‘ಅರಿವಿನ ಇಡುಗಂಟು’ ಅಂತ ಹಾಕಿದ್ದೇನೆ. ಸಂಪಾದಕರು ‘ಸಂಜ್ಞಾನಾತ್ಮಕ ಮೀಸಲು’ ಬೇಕು ಅನ್ನುತ್ತಿದ್ದಾರೆ. ಆಸ್ಪತ್ರೆಗಳಲ್ಲಿ ರೋಗಿಗಳ ಮನೆಯವರೊಂದಿಗೆ ಕನ್ನಡದಲ್ಲಿ ಮಾತಾಡುವವರು ಇಲ್ಲಿದ್ದರೆ, ನೀವು ಇದನ್ನು ಹೇಗೆ ಹೇಳುತ್ತೀರಿ ಅಂತ ತಿಳಿಸಿ.