ಜಾಲರಿ ಹಿಂದಿನ ಚಿರತೆ: ಫೋಕಸ್ ತಂತಿಗೇ ಹೋಗ್ತಿದೆ, ಚಿತ್ರ ಮಂಕು

ಪ್ರಶ್ನೆ: ಮೈಸೂರು ಮೃಗಾಲಯದ ಚಿರತೆ. 55-250 ಮಿ.ಮೀ. ಝೂಮ್ ಲೆನ್ಸ್, 250ರಲ್ಲಿ, ಅಪರ್ಚರ್ (ಬೆಳಕು ಬರುವ ಕಿಂಡಿ) ಎಫ್/11, ಶಟರ್ 1/200 ಸೆಕೆಂಡ್. ಅರ್ಧ ಫೋಟೋಗಳಲ್ಲಿ ಫೋಕಸ್ ತಂತಿ ಮೇಲೆ ಕೂತಿದೆ. ಉಳಿದವುಗಳಲ್ಲಿ ಚಿರತೆ ಶಾರ್ಪ್ ಇದೆ, ಆದರೆ ಮೈಮೇಲೆ ಬೂದು ಪಟ್ಟೆ, ಇಡೀ ಚಿತ್ರಕ್ಕೆ ಮಜ್ಜಿಗೆ ಬಳಿದ ಹಾಗೆ. ಲೆನ್ಸ್ ಬದಲಿಸಬೇಕಾ?

ಉತ್ತರ: ಲೆನ್ಸ್ ಸಾಕು ಸರ್, ಎಫ್/11 ಬಿಡಿ. 250ರಲ್ಲಿ ಎಫ್/5.6 ಇಟ್ಟರೆ ಬೆಳಕು ಬರುವ ಕಿಂಡಿ ಸುಮಾರು 45 ಮಿ.ಮೀ. ಅಗಲ. 3 ಮಿ.ಮೀ. ತಂತಿ ಅಡ್ಡ ಬಂದರೂ ಅದರಲ್ಲಿ ಮುಚ್ಚುವುದು ಶೇ. 8-9 ಅಷ್ಟೇ, ಕಣ್ಣಿಗೆ ಕಾಣಲ್ಲ. ಎಫ್/11ರಲ್ಲಿ ಕಿಂಡಿ 23 ಮಿ.ಮೀ.ಗೆ ಇಳಿಯುತ್ತೆ, ಅದೇ ತಂತಿ ಶೇ. 16-17 ಮುಚ್ಚುತ್ತೆ. ಬೂದು ಪಟ್ಟೆ ಅದೇ. ಜೊತೆಗೆ ಎಫ್/5.6ರಲ್ಲಿ ಎರಡು ಸ್ಟಾಪ್, ಅಂದ್ರೆ ನಾಲ್ಕು ಪಟ್ಟು, ಬೆಳಕು ಸಿಗುತ್ತೆ, ಅದೇ ಐಎಸ್‌ಒದಲ್ಲಿ (ಸೆನ್ಸರ್‌ನ ಬೆಳಕಿನ ಸೂಕ್ಷ್ಮತೆ) ಶಟರ್ 1/800 ಇಡಬಹುದು.

ಫೋಕಸ್‌ಗೆ ಆಟೋ ಏರಿಯಾ (ಫೋಕಸ್ ಜಾಗವನ್ನು ಕ್ಯಾಮೆರಾನೇ ಆರಿಸೋ ಮೋಡ್) ಬೇಡ, ಅದು ಹತ್ತಿರದ್ದನ್ನೇ ಹಿಡಿಯುತ್ತೆ. ಒಂದೇ ಪಾಯಿಂಟ್, ಅದನ್ನು ಜಾಲರಿ ಕಣ್ಣಿನ ನಡುವೆ ತೂರಿಸಿ ಚಿರತೆ ಕಣ್ಣಿಗಿಡಿ. ಆಗಲೂ ತಡಕಾಡಿದರೆ ಎಂಎಫ್, ಅಂದ್ರೆ ಕೈಯಿಂದಲೇ ಫೋಕಸ್ ಮಾಡಿ. ಕಟಕಟೆ ದಾಟದೆ ಜಾಲರಿಗೆ ಆದಷ್ಟು ಹತ್ತಿರ ನಿಲ್ಲಿ, ಪ್ರಾಣಿ ಹಿಂದಕ್ಕೆ ಸರಿಯುವವರೆಗೆ ಕಾಯಿರಿ. ತಂತಿಗೆ ಒರಗಿ ಮಲಗಿದ ಚಿರತೆಗೆ ಯಾವ ಸೆಟ್ಟಿಂಗೂ ಇಲ್ಲ.

ಇನ್ನೊಂದು ಉತ್ತರ: ಮಜ್ಜಿಗೆ ಬಳಿದಿದ್ದು ಅಪರ್ಚರ್ ಅಲ್ಲ, ಬಿಸಿಲು. ಸತುವಿನ ಲೇಪದ ತಂತಿ ಬಿಸಿಲಿಗೆ ಹೊಳೆಯುತ್ತೆ. ಆ ಹೊಳಪು ಮಸುಕಾಗಿ ಫ್ರೇಮ್ ತುಂಬ ಹರಡುತ್ತೆ. ಹುಡ್ (ಲೆನ್ಸ್ ತುದಿಗೆ ಹಾಕೋ ಬಿಸಿಲು ಮರೆ) ಹಾಕಿದರೂ ಹೋಗಲ್ಲ, ಯಾಕಂದ್ರೆ ಬೆಳಕು ಬರ್ತಿರೋದೇ ಎದುರಿನ ತಂತಿಯಿಂದ. ನೆರಳು ಬಿದ್ದ ಜಾಲರಿ ಹುಡುಕಿ, ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೆ ಎಷ್ಟೋ ಸಲ ಸಿಗುತ್ತೆ. ಕಪ್ಪು ಬಣ್ಣ ಹೊಡೆದದ್ದಾದರೆ ಅದೃಷ್ಟ. ಫ್ಲ್ಯಾಶ್ ಹಾಕಿದರೆ ತಂತಿ ಬೆಳಗುತ್ತೆ, ಚಿರತೆ ಅಲ್ಲ. ಸದ್ದು ಮಾಡಿ ಕರೆಯಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38-ಜೆ ಪ್ರಕಾರ ನಿಷಿದ್ಧ.

ಪ್ರಶ್ನೆ: ಎಫ್/5.6, ನೆರಳಿನ ಜಾಲರಿ, ಎರಡೂ ಮಾಡಿದೆ. ಪಟ್ಟೆ ಹೋಯ್ತು. ಆದರೆ ಹಿಂದಿನ ಎಲೆಗಳ ಬೆಳಕಿನ ಚುಕ್ಕಿಗಳೊಳಗೆ ಗೆರೆ ಗೆರೆ ಕಾಣ್ತಿದೆ.

ಉತ್ತರ: ಅದು ತಂತಿಯ ನೆರಳೇ. ಫೋಕಸ್ ತಪ್ಪಿದ ಪ್ರತಿ ಚುಕ್ಕಿಯೂ ಕಿಂಡಿಯ ಅಚ್ಚು, ಅಡ್ಡ ಇದ್ದದ್ದು ಅದರಲ್ಲಿ ಮೂಡುತ್ತೆ. ಎಡಿಟಿಂಗ್‌ನಲ್ಲಿ ಒರೆಸೋದು ದಂಡ. ಎಲೆ ಬಿಟ್ಟು ಬಂಡೆ ಅಥವಾ ಕತ್ತಲ ಮೂಲೆ ಹಿನ್ನೆಲೆಗೆ ಬರೋ ಹಾಗೆ ಕೋನ ಬದಲಿಸಿ. ಸ್ವಲ್ಪ ಮಂಕು ಉಳಿದಿದ್ದರೆ ಎಡಿಟಿಂಗ್ ಸಾಫ್ಟ್‌ವೇರ್‌ನ ಡಿಹೇಜ್ (ಮಂಕು ತೆಗೆಯೋ ಸ್ಲೈಡರ್) 15ರಿಂದ 20. ಅದಕ್ಕಿಂತ ಹೆಚ್ಚಿಗೆ ಎಳೆದರೆ ಚಿರತೆ ರೋಮ ತೆಂಗಿನ ನಾರಿನ ಥರ ಆಗುತ್ತೆ.